ಗುಲನಾಜಳ ತಟ್ಟೆಯಲ್ಲಿ ಕೋಳಿಮರಿಯ ಎದೆಬಡಿತ

ಮನಗೂಳಿಯಲ್ಲಿ ಅಬ್ದುಲಗನಿಯ ಹುಂಜ ಕೂಗಿದರೆ ಇಂಡಿಯಿಂದ ಬಸ್ಸು ಹೊರಡುತ್ತದೆ ಅಂದರೆ ನೀವು ನಂಬಬೇಕಿಲ್ಲ. ಆದರೆ ಆ ಮನೆಯ ತತ್ತಿಗಳಿಂದ ಅವನ ಮಗಳು ಗುಲನಾಜ ಹೃದಯ ಬೆಳೆಸಿದ್ದು ಸುಳ್ಳಲ್ಲ, ನಾನೇ ನೋಡಿದ್ದೇನೆ.

ಅವಳ ಕೆಲಸ ಬಾಗೇವಾಡಿಯ ಒಂದು ಪ್ರಯೋಗಾಲಯದಲ್ಲಿ. ತತ್ತಿಯೊಳಗಿನ ಮರಿಯ ಹೃದಯದಿಂದ ಜೀವಕೋಶ ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾಳೆ. ಅವು ಒಂದಕ್ಕೊಂದು ಅಂಟಿಕೊಂಡು ತಾವಾಗಿಯೇ ಮಿಡಿಯುತ್ತವೆ. ಪಕ್ಕದಲ್ಲಿ ನರಕೋಶ ಇಟ್ಟರೆ ಅದು ಎಳೆ ಚಾಚಿ ಹೃದಯವನ್ನು ಮುಟ್ಟುತ್ತದೆ. ನರವನ್ನು ಕೆಣಕಿದಾಗ ಮಿಡಿತ ಜೋರಾದರೆ ಇಬ್ಬರಿಗೂ ಮಾತುಕತೆ ಶುರುವಾಗಿದೆ ಅಂತ ಅರ್ಥ. ಒಮ್ಮೆ ಬೇರೆ ತಟ್ಟೆಗಳಿಗೆಲ್ಲ ಬೂಸ್ಟು ಹಿಡಿದು ಒಂದೇ ಉಳಿದಿತ್ತು. ಆ ದಿನ ಮಧ್ಯಾಹ್ನ ಅವಳ ಸರ್ ಅದನ್ನೇ ನೋಡುವವರಿದ್ದರು. ತಪ್ಪಿದರೆ ಅವಳ ಕೆಲಸವೇ ಬಂದ್.

ಅಂಥ ದಿನವೇ ನಾವು ಹೋಗಬೇಕೇ! ಕೂಸು ಹುಟ್ಟಿದರೆ ಓಣಿಯೆಲ್ಲ ನೋಡಲು ಹೋಗುವುದು ನಮ್ಮ ರೂಢಿ. ತಟ್ಟೆಯ ಹೃದಯವನ್ನೂ "ನಮ್ಮ ಕೋಳಿ ಕೂಸು" ಅಂತ ಕರೆದು ಅಬ್ದುಲಗನಿ ಟಂಟಂ ಆಟೋ ತುಂಬ ಮಂದಿ ಹೇರಿಕೊಂಡು ಹೋದ. ಬಂದವರಿಗೆ ಇಲ್ಲ ಅನ್ನಲಾರದೆ ಗುಲನಾಜ ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಓಣಿಗೆ ಹಿರಿಯ ಅಜ್ಜ ಅಂತ ಮೊದಲು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು.

"ಲಗೂ ನೋಡ್ರಿ, ಮುತ್ಯಾ."

"ಹುಡುಕಾಕತ್ತೇನಿ ತಡಿ." ಒಂದೇ ಕಣ್ಣು ಮುಚ್ಚಲು ಬಾರದೆ ನಾನು ಎರಡೂ ಮುಚ್ಚಿಕೊಂಡಿದ್ದೆ.

ಎಲ್ಲರಿಗಿಂತ ಕೊನೆಗೆ ಅವಳ ತಾಯಿ ಅಬಿದಾ ಬಗ್ಗಿದಳು. "ಯಾಕಬೇ, ಇದು ಅಳ್ಳಾಡವಲ್ದು?"

ಗುಲನಾಜ ನೋಡಿದಳು. ಮಿಡಿತ ನಿಂತಿತ್ತು.

"ದೃಷ್ಟಿ ಆತು," ಅಂದಳು ನೆರೆಮನೆಯ ಯಲ್ಲವ್ವ.

"ದೃಷ್ಟಿ ಅಲ್ಲಬೇ ಅತ್ತಿ, ಥಂಡಿ. ಎಸಿ ಗಾಳಿಗೆ ತಣ್ಣಗಾಗೇತಿ." ತಟ್ಟೆ ಮತ್ತೆ ಪೆಟ್ಟಿಗೆ ಸೇರಿತು, ಕೋಣೆಯ ಎಸಿ ಬಂದಾಯಿತು.

"ಮತ್ತ ಏಳತೈತೇನ?" ಅಬ್ದುಲಗನಿ ಪೆಟ್ಟಿಗೆಯ ಹತ್ತಿರ ಬಂದು ಕೇಳಿದ.

"ಗೊತ್ತಿಲ್ಲ ಅಬ್ಬಾ. ಎದ್ರೂ, ನರದ ಎಳಿ ಹರಿದಿದ್ರ ಏನೂ ಉಪಯೋಗಿಲ್ಲ."

ಅವನು ಎಲ್ಲರನ್ನೂ ಹೊರಗಟ್ಟಿ ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕುರ್ಚಿಯಿಂದ ನನ್ನನ್ನು ಎಬ್ಬಿಸುವ ಗಂಡಸು ಈ ತಾಲೂಕಿನಲ್ಲಿ ಹುಟ್ಟಿಲ್ಲವಾದ್ದರಿಂದ ನಾನು ಒಳಗೇ ಉಳಿದೆ.

ಬಹಳ ಹೊತ್ತಿನ ಮೇಲೆ ಅವಳು ತಟ್ಟೆ ತೆಗೆದು ನೋಡಿದಳು. ಮೂಲೆಯಲ್ಲೊಂದು ತುಣುಕು ಅದುರಿತಂತೆ. ಅದರ ಹಿಂದೆ ಇನ್ನೊಂದು. ಕೂದಲಿನಂಥ ತಂತಿಯಿಂದ ನರಕ್ಕೆ ಸಣ್ಣ ಕರೆಂಟು ಕೊಟ್ಟಳು. ಏನೂ ಆಗಲಿಲ್ಲ. ಮತ್ತೆ ಕೊಟ್ಟಳು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ನೂಕಿದರು.

"ಒಳಗ ಬಿಡಂಗಿಲ್ರಿ!" ಅಬ್ದುಲಗನಿ ಗದರಿದ.

"ನಾ ಆಕಿ ಸರ್ ಅದೀನ್ರಿ."

"ಸರ್ ಆದ್ರೂ ಅಷ್ಟ, ಸಾಹೇಬ್ರಾದ್ರೂ ಅಷ್ಟ. ಬಾಗಲಾ ತಗದ್ರ ಹೊರಗಿನ ಎಸಿ ಥಂಡಿ ಒಳಗ ಬರತೈತಿ!"

"ಅಬ್ಬಾ, ಬಿಡು ಅವರನ್ನ!"

"ಮೊದ್ಲ ಹೇಳು, ಬಡಿಯಾಕತ್ತೈತೇನ?"

"ಜೋರ ಬಡಿಯಾಕತ್ತೈತಿ, ಅಬ್ಬಾ. ನರದ ಮಾತ ಕೇಳಾಕತ್ತೈತಿ."

ಆಗ ಅವನು ಬಾಗಿಲು ಬಿಟ್ಟು ಸರಿದ.