ಅಪ್ಪ ಬಿಟ್ಟ ಹಾಗಲಕಾಯಿ

ನಮ್ಮ ಮನೆಯ ಗಂಡಸರಷ್ಟು ದಡ್ಡರನ್ನು ಶಿಕಾರಿಪುರದಲ್ಲಿ ನಾನು ಬೇರೆಲ್ಲೂ ನೋಡಲಿಲ್ಲ. ಐವತ್ತರ ದಶಕದ ಕೊನೆಯ ಮಾತು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಮನೆಯವರು ಅದನ್ನು ವಾಯು ಎಂದು ತೀರ್ಮಾನಿಸಿ ಓಮ ತಿನ್ನಿಸಿದರು. ಕೊನೆಗೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. "ನಿಮ್ಮ ತಂದೆಯವರು ಹೆಂಗೆ ಹೋದ್ರು?" ಎಂದು ಅಪ್ಪನನ್ನು ಕೇಳಿದರು.

"ಅಂಗಡ್ಯಾಗೆ ಕುಂತಲ್ಲೇ ರೀ. ಎದಿ ನೋವು ಅಂದ್ರು, ಹೋದ್ರು."

"ಹಂಗಾದ್ರೆ ನೀವು ಬಾಳ ಹುಷಾರಾಗಿರ್ಬೇಕು. ಮೊದ್ಲು ಬೀಡಿ ಬಿಡ್ರಿ. ಉಪ್ಪು, ತುಪ್ಪ ಕಮ್ಮಿ ಮಾಡ್ರಿ. ದಿನಾ ಒಂದಿಷ್ಟು ನಡೀರಿ."

"ಆತು ರೀ" ಎಂದು ಅಪ್ಪ ಎದ್ದ. ಮುಂದಿನ ಸೋಮವಾರ ಬಂದಳಿಕೆಗೆ ಹೋಗಿ ದೇವರ ಮುಂದೆ ಹಾಗಲಕಾಯಿ ಬಿಟ್ಟು ಬಂದ. ದೇವರ ಹೆಸರಿನಲ್ಲಿ ಒಂದು ಪದಾರ್ಥ ಬಿಡುವುದು ನಮ್ಮಲ್ಲಿ ಉಂಟು. ಬಾಯಿಗೆ ರುಚಿಸುವುದನ್ನು ಬಿಟ್ಟ ಪುಣ್ಯಾತ್ಮನನ್ನು ಮಾತ್ರ ನಾನು ಕಂಡಿಲ್ಲ. ಅಪ್ಪ ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟಿದವನೇ ಅಲ್ಲ! ಡಾಕ್ಟರ ಮಾತನ್ನು ಹೀಗೆ ಪಾಲಿಸಿ, ಹಗುರಾಗಿ ಬೀಡಿ ಹಚ್ಚಿದ.

ಎರಡು ತಿಂಗಳ ಮೇಲೆ ಜಡೆ ಎಂಬ ಊರಿನಲ್ಲಿ ಬೀಗರ ಊಟ. ಎಲೆಗೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವ ಮಹನೀಯರು ಅವರು. ಅಪ್ಪ ಕೈಯನ್ನೂ ಹಿಡಿಯಲಿಲ್ಲ. ಹಾಗಲಕಾಯಿ ಪಲ್ಯ ಬಂದಾಗ ಮಾತ್ರ ಗಂಭೀರವಾಗಿ, "ಬ್ಯಾಡ್ರಿ, ನಾ ಬಿಟ್ಟೀನಿ" ಎಂದ. ಪಂಕ್ತಿಯೆಲ್ಲ ಅವನನ್ನು ಭಕ್ತಿಯಿಂದ ನೋಡಿತು. ನನಗೆ ಮೈಯೆಲ್ಲ ಉರಿಯಿತು.

ಊಟವಾಗಿ ಸೊರಬದ ಬಸ್ಸು ಹತ್ತುವಾಗ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಮಾತಾಡಿಸಲು ಬಂದವರೆಲ್ಲ ಆಯಸ್ಸೇ ಅಷ್ಟು ಎಂದು ಹೇಳಿ, ಹೊರಗೆ ಜಗಲಿಯ ಮೇಲೆ ಕೂತು ಬೀಡಿ ಸೇದಿದರು. ಅವರನ್ನು ಕಂಡು ನನಗೆ ಹೇಸಿಗೆಯಾಯಿತು. ಆದರೆ ಅವರನ್ನು ಬೈಯುವ ಬಾಯಿ ನನಗಿರಲಿಲ್ಲ.

ಬಂದಳಿಕೆಯಿಂದ ಬಂದ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದ್ದಳು: "ನೀನೂ ಕೂಡೆ ಹೋಗಿದ್ದೆಲ್ಲ, ಡಾಕ್ಟ್ರು ಇದನ್ನೇ ಬಿಡಾಕೆ ಹೇಳಿದ್ರೇನಪ್ಪಾ?"

ನಾನು ಹೂಂ ಎಂದಿದ್ದೆ. ಪೇಟೆಯಲ್ಲಿ ಕೊಂಡರೆ ಮನೆಗೆ ಸುದ್ದಿ ಮುಟ್ಟುತ್ತದೆಂದು, ದಿನಾ ಅಪ್ಪನ ಕಟ್ಟಿನಿಂದಲೇ ಎರಡು ಬೀಡಿ ಕದ್ದು ಸೇದುತ್ತಿದ್ದೆ. ಅವನು ಬಿಟ್ಟರೆ ನನಗೆ ಎಲ್ಲಿಂದ ಬರಬೇಕು?