ತಂಗಿಯ ಕಿವಿಯ ಮೇಲೆ ನಾನು ಹೇಳಿದ ಸುಳ್ಳು

ನಾನು ಮೂರನೇ ಇಯತ್ತೆಯವರೆಗೆ ಮಾತ್ರ ಓದಿದವಳು. ಒತ್ತಕ್ಷರ ಬರೆಯುವಾಗ ಈಗಲೂ ತಪ್ಪುತ್ತೇನೆ, ತಂಗಿಯ ಮಗಳು ತಿದ್ದಿಕೊಡುತ್ತಾಳೆ. ಆದರೂ ಈ ಸಂಗತಿಯನ್ನು ಬೇರೆಯವರಿಂದ ಬರೆಸಲು ಮನಸ್ಸು ಒಪ್ಪಲಿಲ್ಲ.

ನಮ್ಮದು ಬಬಲೇಶ್ವರ. ಸ್ವಲ್ಪ ಹೊಲವಿತ್ತು. ಅವ್ವ ನಮ್ಮ ಹೊಲದ ಕಳೆ ಮುಗಿಸಿ ಕೂಲಿಗೂ ಹೋಗುತ್ತಿದ್ದಳು. ತಮ್ಮ ಹುಟ್ಟಿದಾಗ ಅವನನ್ನು ಎತ್ತಿಕೊಳ್ಳುವವರು ಬೇಕಾದರು, ನನ್ನನ್ನು ಶಾಲೆ ಬಿಡಿಸಿದರು. ಆಗ ನನಗೆ ಹತ್ತು ವರ್ಷ, ತಂಗಿಗೆ ಆರು. ನಾನು ಬರೆಯುತ್ತಿದ್ದ ಪಾಟಿಯನ್ನು ಅವ್ವ ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿ ಇಟ್ಟಳು. ದಿನಕ್ಕೆರಡು ಸಲ ಅದನ್ನು ನಾನೇ ತೆಗೆದು ಇಡುತ್ತಿದ್ದೆ.

ಮರುವರ್ಷ ನಗರದಿಂದ ಬಸ್ಸಿನಲ್ಲಿ ಒಬ್ಬ ಓದಿದ ಹೆಂಗಸು ಬಂದರು, ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಹಳ್ಳಿಯ ಮಕ್ಕಳು ಏನು ಉಣ್ಣುತ್ತಾರೆ, ಎಷ್ಟು ಬೆಳೆಯುತ್ತಾರೆ, ಯಾರು ಶಾಲೆಗೆ ಹೋಗುತ್ತಾರೆ, ಹೋಗದವರು ಯಾಕೆ ಹೋಗುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಚಾವಡಿಯ ತೊಲೆಗೆ ಒಂದು ತಕ್ಕಡಿ ಕಟ್ಟಿಸಿ, ಕೂಸುಗಳನ್ನು ಅರಿವೆಯ ಜೋಳಿಗೆಯಲ್ಲಿ ಕೂಡಿಸಿ ತೂಗುತ್ತಿದ್ದರು. ನಮ್ಮ ಓಣಿಯ ಹೆಂಗಸರಿಗೆ ಇದು ಸರಿಬರಲಿಲ್ಲ. ಜೋಳ ತೂಗಿದಂತೆ ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ. ಮಕ್ಕಳು ಎಷ್ಟು ಎಂದು ಎಣಿಸಿ ಹೇಳುವುದೂ ಇರಲಿಲ್ಲ. ಅಕ್ಕೋರು ಓಣಿಗೆ ಕಾಲಿಟ್ಟರೆ ಕೂಸುಗಳೆಲ್ಲ ಒಳಕೋಣೆ ಸೇರುತ್ತಿದ್ದವು. ಅವ್ವನೂ ಹೊಲಕ್ಕೆ ಹೋಗುವಾಗ, ತಮ್ಮನನ್ನು ಹೊರಗೆ ತರಬೇಡ, ಎಷ್ಟು ಮಕ್ಕಳು ಎಂದು ಕೇಳಿದರೆ ದೇವರು ಕೊಟ್ಟಷ್ಟು ಎಂದು ಹೇಳು ಎಂದಿದ್ದಳು.

ಅಷ್ಟು ಸುಳ್ಳು ಅವ್ವನದು. ಉಳಿದದ್ದು ನನ್ನದು.

ಅಕ್ಕೋರು ನಮ್ಮ ಕಟ್ಟೆಯ ಮೇಲೆ ಕೂತು ತಂಗಿಯ ಗಲ್ಲ ಮುಟ್ಟಿದರು. ಈ ವರ್ಷ ಶಾಲೆಗೆ ಹೆಸರು ಹಚ್ಚಬೇಕಾದ ಮಕ್ಕಳ ಪಟ್ಟಿಯನ್ನು ಮಾಸ್ತರರಿಗೆ ಕೊಡುತ್ತೇನೆ, ಇವಳ ಹೆಸರೂ ಬರೆಯಲೇ ಎಂದು ಕೇಳಿದರು. ಇವಳು ಪಾಟಿ ಹಿಡಿದು ಹೋಗುತ್ತಾಳೆ, ನಾನು ಕೂಸು ಹೊತ್ತು ಬಾಗಿಲಲ್ಲಿ ನಿಲ್ಲುತ್ತೇನೆ. ಬಾಯಿಂದ ಮಾತು ತಾನೇ ಬಂತು.

“ಅಕಿಗೆ ಕಿವಿ ಕೇಳಸೂದಿಲ್ರಿ.”

ಅಕ್ಕೋರು ಎದ್ದು ತಂಗಿಯ ಬೆನ್ನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಇವಳು ತಿರುಗಿ ನೋಡುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ತಂಗಿ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕಲ್ಲಿನಂತೆ ನಿಂತಳು. ಅಕ್ಕೋರು ನಿಟ್ಟುಸಿರುಬಿಟ್ಟು ಏನೋ ಬರೆದುಕೊಂಡು ಮುಂದಿನ ಮನೆಗೆ ಹೋದರು.

ಯಾಕೆ ತಿರುಗಲಿಲ್ಲ ಎಂದು ಆಮೇಲೆ ಕೇಳಿದೆ.

“ತಿರಗಿದ್ರ ನಿನಗ ಬೈತಿದ್ರಲ್ಲ, ಅಕ್ಕಾ,” ಎಂದಳು.

ಜೂನಿನಲ್ಲಿ ಮಾಸ್ತರರು ಪಟ್ಟಿ ಹಿಡಿದು ಓಣಿಗೆ ಬಂದರು. ಆಚೆಮನೆಯ ಹುಡುಗಿಯನ್ನು ಕರೆದುಕೊಂಡು ಹೋದರು, ನಮ್ಮ ಬಾಗಿಲು ದಾಟಿ ನಡೆದರು. ಕರೆಯಲು ಯಾರೂ ಬರಲಿಲ್ಲವೆಂದು ಅಪ್ಪ ಅವ್ವ ಆ ವಿಚಾರವನ್ನೇ ಎತ್ತಲಿಲ್ಲ. ಶಾಲೆಯ ಹಿಂಗೋಡೆಗೆ ನಾವು ಸೆಗಣಿಯ ಕುಳ್ಳು ತಟ್ಟುತ್ತಿದ್ದೆವು. ನನ್ನದು ಮುಗಿದರೂ ತಂಗಿಯದು ಮುಗಿಯುತ್ತಿರಲಿಲ್ಲ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರೆ ಇವಳ ಕೈ ನಿಂತು ತುಟಿಗಳು ಅಲುಗಾಡುತ್ತಿದ್ದವು. ದೀಪಾವಳಿಯ ಹೊತ್ತಿಗೆ ಐದರ ಮಗ್ಗಿಯವರೆಗೆ ಬಾಯಿಪಾಠ ಬರುತ್ತಿತ್ತು. ಅದನ್ನು ಕೇಳಿಯೂ ನಾನು ಬಾಯಿಬಿಡಲಿಲ್ಲ. ಮೊದಲ ದಿನದ ಸುಳ್ಳು ಬಾಯಿತಪ್ಪಿ ಬಂದದ್ದು ಎನ್ನಬಹುದು. ಆ ಒಂದು ವರ್ಷದ ಮೌನಕ್ಕೆ ಹಾಗೆ ಹೇಳಲು ಬರುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಅಕ್ಕೋರು ಮತ್ತೆ ಬಂದರು. ಅವೇ ಮಕ್ಕಳನ್ನು ವರ್ಷದ ನಂತರ ಇನ್ನೊಮ್ಮೆ ನೋಡುವುದು ಅವರ ಕೆಲಸದ ಕ್ರಮವಂತೆ. ಈ ಸಲ ಜೊತೆಗೆ ಒಬ್ಬರು ಡಾಕ್ಟರರಿದ್ದರು. ಹೋದ ವರ್ಷ ಬರೆದುಕೊಂಡದ್ದನ್ನು ಅಕ್ಕೋರು ಮರೆತಿರಲಿಲ್ಲ, ತಂಗಿಯನ್ನು ಕರೆತರಲು ಚಾವಡಿಯ ಓಲೇಕಾರನನ್ನು ಕಳಿಸಿದರು. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಾನೇ ಅವಳನ್ನು ಚಾವಡಿಗೆ ಕರೆದೊಯ್ದೆ.

ಡಾಕ್ಟರರು ಎರಡು ಹಲ್ಲಿನ ಉಕ್ಕಿನ ಕಡ್ಡಿಯನ್ನು ಬಡಿದು ತಂಗಿಯ ಕಿವಿಯ ಹತ್ತಿರ ಹಿಡಿದರು. ಅದರ ಗುಂಯ್ ಎಂಬ ಸದ್ದು ದೂರ ನಿಂತ ನನಗೂ ಕೇಳಿಸಿತು. ತಂಗಿ ಅಲುಗಲಿಲ್ಲ. ಡಾಕ್ಟರರು ಅಕ್ಕೋರ ಕಡೆ ತಿರುಗಿ, ಕಿವುಡ ಮಕ್ಕಳ ಶಾಲೆ ದೂರದ ಊರಿನಲ್ಲಿದೆ, ಅಲ್ಲೇ ಇಟ್ಟು ಓದಿಸಬೇಕಾಗುತ್ತದೆ, ಇವಳ ತಂದೆಯನ್ನು ಕರೆಸಿರಿ ಎಂದರು. ತಂಗಿಯ ಕಣ್ಣು ತುಂಬಿ ಬಂತು. ಕೇಳದವಳ ಕಣ್ಣು ಯಾಕೆ ತುಂಬಬೇಕು? ಅವರಿಬ್ಬರೂ ಅದನ್ನು ನೋಡಲಿಲ್ಲ. ನಾನು ನೋಡಿದೆ. ಆಗಲೂ ಅವಳು ನನ್ನನ್ನು ಬಿಟ್ಟುಕೊಡಲಿಲ್ಲ.

“ಅಕಿ ಕಿವಿ ಚಲೋ ಅದಾವ್ರಿ,” ಎಂದೆ. “ಸುಳ್ಳ ಹೇಳಿದಾಕಿ ನಾನು.”

ಡಾಕ್ಟರರು ಸಿಟ್ಟಾದರು. ಇದಕ್ಕಾಗಿ ನನ್ನನ್ನು ಇಷ್ಟು ದೂರ ಕರೆತಂದಿರಾ ಎಂದು ಅಕ್ಕೋರಿಗೂ ಅಂದರು. ಅಕ್ಕೋರು ಮಾತ್ರ ನನ್ನನ್ನು ಹತ್ತಿರ ಕೂಡಿಸಿಕೊಂಡು, ಯಾಕೆ ಹಾಗೆ ಹೇಳಿದೆ ಎಂದು ಕೇಳಿದರು. ಅಳುತ್ತಲೇ ಹೇಳಿದೆ.

“ಅಕಿ ಸಾಲಿಗೆ ಹೋದ್ರ ಕೂಸಿನ ಕೂಡ ನಾ ಒಬ್ಬಾಕೀನ ಉಳೀತಿದ್ನ್ರಿ. ನನಗ ಬಿಡಿಸಿದ ಸಾಲಿ ಅಕಿಗೆ ಯಾಕ ಅಂತ ಹೊಟ್ಟಿಕಿಚ್ಚು ಬಂತ್ರಿ.”

ಅಕ್ಕೋರು ಹೋದ ವರ್ಷದ ಸಾಲನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡರು. ಯಾಕೆ ಹೋಗುವುದಿಲ್ಲ ಎಂದು ಎಲ್ಲ ಮನೆಯಲ್ಲೂ ಕೇಳುತ್ತ ಬಂದಿದ್ದರಂತೆ. ಹಿರಿಯರು ಮನಸ್ಸಿಲ್ಲ, ಜಡ್ಡು ಎಂದು ಏನೇನೋ ಹೇಳಿದ್ದರಂತೆ. ಕೂಸು ನೋಡಿಕೊಳ್ಳಲು ಹುಡುಗಿಯನ್ನು ಉಳಿಸಿಕೊಂಡಿದ್ದೇವೆ ಎಂದು ಹೇಗೆ ಹೇಳಿಯಾರು, ಕೂಸನ್ನೇ ಬಚ್ಚಿಟ್ಟಿದ್ದರಲ್ಲ!

ಆ ಸಂಜೆ ಅವರು ನಮ್ಮ ಮನೆಗೂ ಮಾಸ್ತರರ ಮನೆಗೂ ಹೋದರು. ಅಪ್ಪನೆದುರು ನನ್ನ ಸುಳ್ಳಿನ ಸುದ್ದಿ ತೆಗೆಯಲೇ ಇಲ್ಲ. ಕೂಸು ಎತ್ತಿಕೊಂಡು ಬಂದರೂ ನಡೆಯುತ್ತದೆ, ಅಂಥ ಹುಡುಗಿಯರು ಪಡಸಾಲೆಯಲ್ಲಿ ಕೂರಲಿ ಎಂದು ಮಾಸ್ತರರನ್ನು ಒಪ್ಪಿಸಿದರು. ಮಾಸ್ತರರು ಗೊಣಗುತ್ತಲೇ ಒಂದು ಗೋಣಿತಟ್ಟು ಹಾಸಿಕೊಟ್ಟರು. ಅಪ್ಪ ತಂಗಿಯೊಬ್ಬಳನ್ನೇ ಕಳಿಸಿದ. ತಮ್ಮ ಒಂದು ದಿನ ಶಾಲೆಯಲ್ಲಿ ಅವಳ ಕಂಕುಳಲ್ಲಿ, ಒಂದು ದಿನ ಮನೆಯಲ್ಲಿ ನನ್ನ ಕಂಕುಳಲ್ಲಿ. ಒಂದು ತಿಂಗಳಿಗೆ ಆ ತಟ್ಟು ಸಾಲದಾಯಿತು; ನಾವು ಯಾವತ್ತೂ ನೋಡದ ಕೂಸುಗಳು ಓಣಿಓಣಿಯಿಂದ ಬಂದವು.

ಮುಂದೆ ನನ್ನನ್ನು ತಿಕೋಟಾಕ್ಕೆ ಮದುವೆ ಮಾಡಿ ಕೊಟ್ಟರು. ತಂಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ವಿಜಯಪುರದಲ್ಲಿ ಟ್ರೇನಿಂಗ್ ಮುಗಿಸಿ ಶಿಕ್ಷಕಿಯಾದಳು. ಬಿಟ್ಟುಹೋದ ನನ್ನ ಅಕ್ಷರಗಳನ್ನು ರಜೆಯಲ್ಲಿ ಬಂದಾಗಲೆಲ್ಲ ಅವಳೇ ಕಲಿಸಿದಳು.

ಮೊನ್ನೆ ಇದನ್ನು ಅವಳಿಗೆ ಓದಿ ತೋರಿಸಿ, ನಿನ್ನ ಒಂದು ವರ್ಷ ನಾನು ತಿಂದೆ ಎಂದೆ. ಅವಳು ಚಹಾದ ಬಸಿ ಕೆಳಗಿಟ್ಟಳು.

“ಬರದದ್ದು ಚಲೋ ಆಗೇತಿ. ಆದ್ರ ಆ ವರ್ಷ ನನಗೂ ಸಾಲಿ ಅಂದ್ರ ಅಂಜಿಕಿ ಇತ್ತು, ಅದನ್ನೂ ಬರಿ.”

ಬರೆದಿದ್ದೇನೆ. ಅದು ನಿಜವೆಂದು ನಾನು ನಂಬುವುದಿಲ್ಲ.