ಎಡಗೈಯ ಗಂಟು

ಬಂದರಿನ ಬಲೆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಮ್ಮ ಎಂದರೆ ಅವಳ ಅಕ್ಕ. ಹರೆಯದಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರೂ ಮುಪ್ಪಿನವರೆಗೆ ಒಂದೇ ಚಾಪೆಯಲ್ಲಿ ಕೂತವರು. ಅಕ್ಕ ಎಡಚಿ. ಬಲೆ ಹರಿದ ಕಡೆ ತಂಗಿ ಎಡದಿಂದ ಹೆಣೆಯುತ್ತ ಬಂದರೆ ಅಕ್ಕ ಬಲದಿಂದ ಬರುತ್ತಿದ್ದಳು. ನಡುವೆ ಕೈಗೆ ಕೈ ತಾಗಿದರೆ ಆ ಹರಕು ಮುಗಿದಂತೆ. ಗಂಡ ಹೋದ ದೋಣಿ ಮರಳದ ಮೇಲೆ ಅಕ್ಕ ಪ್ರತಿ ಗಂಟಿಗೂ ಒಂದು ಸುತ್ತು ಹೆಚ್ಚು ಹಾಕತೊಡಗಿದಳು. "ನೂಲೇನು ನಿಮ್ಮಪ್ಪನ ಮನೇದಾ?" ಎಂದು ಮೇಸ್ತ್ರಿ ಬೈದರೆ, "ಬಿಚ್ಚಿಹೋದ್ಮೇಲೆ ಯಾರಪ್ಪನ ಮನೇದಾದ್ರೇನು?" ಎನ್ನುವಳು. ಬೈದು ಬೈದು ಮೇಸ್ತ್ರಿಗೇ ಸಾಕಾಗಿತ್ತು.

ಆ ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಚಿಕ್ಕಮ್ಮನ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಹಿಡಿದದ್ದನ್ನು ಬಿಡಲು ತಡ, ಬಿಟ್ಟದ್ದನ್ನು ಹಿಡಿಯಲು ತಡ. ನೂಲು ಸುತ್ತಿದ ಕಡ್ಡಿ ಜಾರಿ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಹೆಬ್ಬೆರಳಿಗೆ ತೋರುಬೆರಳು ತಟ್ಟುತ್ತ ಹೋಗುವಂತೆ ಡಾಕ್ಟರಮ್ಮ ಹೇಳಿದಳು. ಬಲಗೈ ಬೆರಳು ನಾಲ್ಕು ಸಲ ತಟ್ಟಿ, ದಾರಿ ಮರೆತಂತೆ ನಡುವೆಯೇ ನಿಂತಿತು.

"ಕೈ ಒಂದೇ ಅಲ್ಲ ಅಜ್ಜಿ, ಇಡೀ ಮೈ ಸೋಲ್ತಾ ಇದೆ. ಕೈ ಮೊದ್ಲು ಬಂದು ಹೇಳ್ತಿದೆ ಅಷ್ಟೆ."

ಎಡಗೈ ಮಾತ್ರ ಪಟಪಟನೆ ತಟ್ಟಿತು. ಹುಟ್ಟಿದಾಗಿನಿಂದ ಬಲಗೈ ಮಾಡುವುದನ್ನು ನೋಡುತ್ತ ಕೂತಿದ್ದ ಕೈ ಅದು. ಡಾಕ್ಟರಮ್ಮ ಮೆಚ್ಚಿದಳು, ಚಿಕ್ಕಮ್ಮ ಬೆಚ್ಚಿದಳು.

ಮೇಸ್ತ್ರಿ ಕಟುಕನೇನಲ್ಲ. "ನಾಳೆ ಒಂದು ಹರಕು ಕೊಡ್ತೀನಿ. ಸಂಜೆಯೊಳಗೆ ಮುಗಿದ್ರೆ ಚಾಪೆ ನಿಂದು. ಇಲ್ಲಾಂದ್ರೆ ಮನೇಲಿರು. ಬೇಜಾರು ಮಾಡ್ಕೋಬೇಡ," ಎಂದಿದ್ದ.

"ಸಾಕು ಮಾಡು ಚಿಕ್ಕಮ್ಮ," ಎಂದಳು ಅಕ್ಕನ ಮಗಳು. ಚಿಕ್ಕಮ್ಮ ಇದ್ದದ್ದು ಅವಳ ಮನೆಯಲ್ಲೇ. "ಒಂದು ತುತ್ತಿಗೆ ಇಲ್ಲೇನು ಬರವಾ?"

"ತುತ್ತಿಗಲ್ಲ ಕಣೇ. ಆ ಚಾಪೆ ಬಿಟ್ರೆ ನಿಮ್ಮಮ್ಮ ನಂಗೆ ಇನ್ನೆಲ್ಲಿ ಸಿಗ್ತಾಳೆ?"



ಮರುದಿನ ದೇವರನ್ನು ನೆನೆದು ಚಿಕ್ಕಮ್ಮ ಎಡದ ತುದಿಯಿಂದ ಹಿಡಿದಳು. ಬಲೆಯ ಕೆಲವು ಕಣ್ಣು ಹೆಣೆಯುವಷ್ಟರಲ್ಲಿ ಬಲಗೈ ಬೆರಳು ಮರಗಟ್ಟಿದವು. ಉಜ್ಜಿದಳು, ಊದಿದಳು, ಬೈದಳು. ಕಡ್ಡಿ ಮಡಿಲಿಗೆ ಬಿತ್ತು. ಕಣ್ಣು ತುಂಬಿ ಕೂತಿದ್ದಾಗ ಎಡಗೈ ಅದನ್ನು ಎತ್ತಿಕೊಂಡಿತು. ಬಲದ ತುದಿಗೆ ಹೋಗಿ ಹೆಣೆಯತೊಡಗಿತು.

ಅವಳು ಅದಕ್ಕೆ ಕಲಿಸಿರಲಿಲ್ಲ. ಗಂಟು ಬಿಗಿದು ನಿಲ್ಲಿಸಲು ನೋಡಿದಳು. ಕೈ ಇನ್ನೊಂದು ಸುತ್ತು ಹಾಕಿಯೇ ಮುಂದೆ ಹೋಯಿತು. ಮತ್ತೆ ನಿಲ್ಲಿಸಿದಳು, ಮತ್ತೆ ಆ ಸುತ್ತು. ಬೇಡ ಎಂದು ದೇವರಿಗೆ ಹೇಳಬೇಕೆಂದುಕೊಂಡಳು. ಆ ಮಾತಿಗೆ ಬಾಯಿ ಬರಲಿಲ್ಲ. ಪಕ್ಕದಲ್ಲಿ ಖಾಲಿಯಿದ್ದ ಅರ್ಧ ಚಾಪೆಯ ಕಡೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ. ಬೆಳಿಗ್ಗೆಯ ಗಂಟುಗಳವರೆಗೆ ಹೆಣಿಗೆ ಬಂದು ಸೇರಿದಾಗ ಬಲಗೈ ಬೆರಳಿಗೆ ಎಡಗೈ ಬೆರಳು ತಾಗಿತು, ತಣ್ಣಗೆ.

ಸಂಜೆ ಮೇಸ್ತ್ರಿ ಬಂದ. ಕಣ್ಣು ಮಂಜಾದ ಮೇಲೆ ಅವನು ಬೆರಳಿನಲ್ಲೇ ಬಲೆ ನೋಡುವವನು. ಗಂಟಿನಿಂದ ಗಂಟಿಗೆ ಸರಿಯುತ್ತಿದ್ದ ಬೆರಳು ಆ ಹೆಚ್ಚಿನ ಸುತ್ತಿನ ಮೇಲೆ ನಿಂತಿತು.

"ನೂಲು ಹೊಸದು."

"ಹೂಂ."

"ಗಂಟು ಯಾರು ಹಾಕಿದ್ದು?"

ಚಿಕ್ಕಮ್ಮ ಎಡಗೈ ಮುಂದೆ ಚಾಚಿದಳು. ಕೆಲಸ ಮುಗಿದಿದ್ದರೂ ಅದು ಗಾಳಿಯಲ್ಲಿ ಇನ್ನೂ ಮೆಲ್ಲಗೆ ಸುತ್ತುತ್ತಿತ್ತು. ಮೇಸ್ತ್ರಿ ಆ ಕೈಯನ್ನು ಮುಟ್ಟಲಿಲ್ಲ. ನೂಲು ದಂಡವಾಯಿತೆಂದು ಬೈಯಲೂ ಇಲ್ಲ.

"ನಾಳೆ ಬಾ," ಎಂದ. ಖಾಲಿ ಅರ್ಧ ಚಾಪೆಯ ಕಡೆ ತಿರುಗಿ, "ಅವಳನ್ನೂ ಕರ್ಕೊಂಡು ಬಾ."

ಶೆಡ್ಡಿನ ಬಾಗಿಲು ಇಕ್ಕಟ್ಟು, ಒಮ್ಮೆಗೆ ಒಬ್ಬರೇ ಹೋಗಬೇಕು. ಚಿಕ್ಕಮ್ಮ ಹೊಸ್ತಿಲ ಬಳಿ ಪಕ್ಕಕ್ಕೆ ಸರಿದು ನಿಂತಳು, ದೊಡ್ಡವಳು ಮೊದಲು ದಾಟಲಿ ಎಂದು.